ಚಾಪ್ಸ್‌ನ ಜಾಲರಿ: ಅದೇ ಚರ್ಮದಲ್ಲಿ ಸೀಳೋದಾ, ಬೇರೆ ಹೊಲಿಯೋದಾ?

ಪ್ರಶ್ನೆ: ಅಮೆರಿಕದ ಕೌಬಾಯ್‌ಗಳು ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವ ಚರ್ಮದ ಕಾಲುಹೊದಿಕೆ, ಅಂಚಿನಲ್ಲಿ ಎಳೆ ಎಳೆಯಾಗಿ ಜಾಲರಿ ಇಳಿಬಿಟ್ಟ ಚಾಪ್ಸ್ ಕೈಯಲ್ಲೇ ಮಾಡಬೇಕು ಅಂತಿದ್ದೇನೆ. ಜಾಲರಿಯನ್ನು ಕಾಲಿನ ಚರ್ಮದ ಅಂಚಿನಲ್ಲೇ ಸೀಳಬೇಕಾ, ಬೇರೆ ಪಟ್ಟಿ ಕತ್ತರಿಸಿ ಹೊಲಿಯಬೇಕಾ?

ಬೇರೆ ಪಟ್ಟಿ ಹೊಲಿಯಿರಿ. ಅಂಚಿನಲ್ಲೇ ಸೀಳಿದರೆ ಹೊಲಿಗೆ ಕೆಲಸ ಕಡಿಮೆ, ಅದು ನಿಜ. ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನಿಲ್ಲುವ ಗಿಡ್ಡ ಚಾಪ್ಸ್, ಅಂದರೆ ಚಿಂಕ್ಸ್‌ಗೆ ಹಾಗೆ ಮಾಡುವವರೂ ಇದ್ದಾರೆ. ಆದರೆ ಹಸುವಿನ ಅರ್ಧ ಚರ್ಮವನ್ನು, ಸುಮಾರು 20-25 ಚದರ ಅಡಿ ಬರುತ್ತೆ, ಒಮ್ಮೆ ನೆಲಕ್ಕೆ ಹಾಸಿ ಕೈಯಲ್ಲಿ ಎಳೆದು ನೋಡಿ. ಬೆನ್ನಿನ ಕಡೆ ಬಿಗಿಯಾಗಿರುತ್ತೆ, ಹೊಟ್ಟೆಯ ಕಡೆ ಹೋದಂತೆ ಸಡಿಲ. ಕಾಲಿನ ತುಂಡನ್ನು ಬೆನ್ನುಮೂಳೆಯ ಉದ್ದಕ್ಕೆ ಇಟ್ಟು ಕತ್ತರಿಸಿದರೆ ಒಂದು ಅಂಚು ಹೊಟ್ಟೆಯ ಕಡೆಗೇ ಬೀಳುತ್ತೆ, ಜಾಲರಿಯೂ ಅಲ್ಲೇ ಬಂದರೆ ನಾಲ್ಕು ದಿನಕ್ಕೆ ಎಳೆಗಳು ಜಗ್ಗಿ ಒಂದು ಉದ್ದ ಒಂದು ಗಿಡ್ಡ ಆಗುತ್ತವೆ. ಇನ್ನೊಂದು ತಾಪತ್ರಯ ದಪ್ಪದ್ದು. ಮುಳ್ಳು ಪೊದೆ ತಡೆಯಬೇಕಾದ ಕಾಲಿನ ಭಾಗಕ್ಕೆ 2 ಮಿ.ಮೀ. ಚರ್ಮ ಬೇಕು, ಜಾಲರಿಗೆ ಅಷ್ಟು ದಪ್ಪ ಇದ್ದರೆ ಅದು ಕುಣಿಯೋದೇ ಇಲ್ಲ, ಸುಮ್ನೆ ಕಡ್ಡಿ ತರಹ ನಿಂತಿರುತ್ತೆ. 1.2ರಿಂದ 1.5 ಮಿ.ಮೀ. ಮೆತ್ತನೆಯ ಚರ್ಮ ಸಾಕು. ಜಾಲರಿ ಇರೋದೇ ಕುಣಿಯೋಕೆ ಅಲ್ವಾ? ಕೌಬಾಯ್‌ಗಳ ಸ್ಪರ್ಧೆಯಾದ ರೋಡಿಯೋದಲ್ಲಿ ಎಗರುವ ಕುದುರೆ ಮೇಲೆ ಕೂರುವವರು ಉದ್ದ ಜಾಲರಿ ಹಾಕುವುದು ಕಾಲಿನ ಆಟ ದೂರಕ್ಕೂ ಕಾಣಲಿ ಅಂತಲೇ. ಮಳೆ ನೀರು ಜಾಲರಿಯಲ್ಲಿ ಇಳಿದು ಹೋಗುತ್ತೆ ಅಂತಲೂ ಹೇಳುತ್ತಾರೆ, ನನ್ನ ಪ್ರಕಾರ ಮುಖ್ಯವಾಗಿ ಅದು ಚಂದಕ್ಕೇ.

ನಮ್ಮಲ್ಲಿ ಕೆಲವರು ಕೊಲ್ಹಾಪುರಿ ಚಪ್ಪಲಿಯ ಚರ್ಮ ಆಗುತ್ತಾ ಅಂತ ಕೇಳುತ್ತಾರೆ. ಬೇಡ. ತೊಗಟೆ, ಕಾಯಿ ಹಾಕಿ ಹದ ಮಾಡಿದ ಆ ಚರ್ಮ ಅಟ್ಟೆಗೆ ಸರಿ, ಚಾಪ್ಸ್‌ಗೆ ತೀರಾ ಬಿರುಸು. ಕ್ರೋಮ್‌ನಲ್ಲಿ ಹದ ಮಾಡಿದ್ದು ಅಥವಾ ಎಣ್ಣೆ ಕುಡಿಸಿದ್ದು ತಗೊಳ್ಳಿ.

ಈಗ ಕತ್ತರಿಸುವುದು. ಪಟ್ಟಿಯ ಹಿಂಬದಿಯಲ್ಲಿ, ಮೇಲಿನ ಅಂಚಿನಿಂದ 2.5 ಸೆಂ.ಮೀ. ಬಿಟ್ಟು ಒಂದು ಗೆರೆ ಎಳೆಯಿರಿ. ಹೊಲಿಗೆಗೆ ಬೇಕಾದ ಜಾಗ ಅದು, ಬ್ಲೇಡು ಅದನ್ನು ದಾಟಬಾರದು. ಸ್ಟೀಲ್ ಸ್ಕೇಲನ್ನು ಕ್ಲಾಂಪ್ ಹಾಕಿ ಬಿಗಿದು, ಬ್ಲೇಡನ್ನು ಗೆರೆಯ ಮೇಲೆ ಇಳಿಸಿ ಹೊರ ಅಂಚಿನ ಕಡೆಗೆ ಎಳೆಯಿರಿ. ಅಂಚಿನಿಂದ ಗೆರೆಯ ಕಡೆಗೆ ಬಂದರೆ ಯಾವುದಾದರೂ ಒಂದು ಏಟಿಗೆ ಕೈ ಜಾರಿ ಗೆರೆ ದಾಟೇ ದಾಟುತ್ತೆ, ಆಮೇಲೆ ಆ ಸೀಳು ಬೆಳೆಯುತ್ತಲೇ ಹೋಗುತ್ತೆ. ಗುಂಡನೆ ತಿರುಗುವ ರೋಟರಿ ಕಟರ್ ಇದ್ದರೆ ಒಳ್ಳೇದು, ಚೂಪಾದ ರಂಪಿಗೆಯಲ್ಲೂ ಆಗುತ್ತೆ, ಕತ್ತರಿ ಮಾತ್ರ ಬೇಡ. ಎಳೆಯ ಅಗಲ 6 ಮಿ.ಮೀ. ಇರಲಿ. 4ಕ್ಕಿಂತ ಸಣ್ಣ ಮಾಡಿದರೆ ನೋಡೋಕೆ ನಾಜೂಕು, ಮೊದಲ ಬೇಲಿಗೇ ಕಿತ್ತು ಬರುತ್ತವೆ.

ಕಾಲಿನ ತುಂಡು ಎರಡು ಬೇಕು, ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದನ್ನು ಕತ್ತರಿಸಿದ ಮೇಲೆ ನಮೂನೆ ಕಾಗದವನ್ನು ಮಗುಚಿ ಹಾಕಿ. ಇಲ್ಲದಿದ್ದರೆ ಎರಡೂ ಎಡಗಾಲೇ!

ಹೊಲಿಯುವಾಗ ಎಳೆಗಳನ್ನೆಲ್ಲ ಒಟ್ಟು ಮಾಡಿ ಟೇಪಿನಲ್ಲಿ ಕಟ್ಟಿಬಿಡಿ, ಇಲ್ಲದಿದ್ದರೆ ಪ್ರತಿ ಹೊಲಿಗೆಗೂ ಒಂದೊಂದು ಸೂಜಿಗೆ ಸಿಗುತ್ತೆ. ಮೇಣದ ದಾರಕ್ಕೆ ಎರಡು ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾಟಿಸಿ, ತೂತಿನಿಂದ ತೂತಿಗೆ 3 ಮಿ.ಮೀ. ನಿಧಾನ ಹಿಡಿಯುತ್ತೆ. ಆದರೆ ಒಂದು ಕಡೆ ದಾರ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತೆ, ಮಷಿನ್ ಹೊಲಿಗೆಯ ಹಾಗೆ ಬಿಚ್ಚಿಕೊಂಡು ಹೋಗುವುದಿಲ್ಲ. ಮುಂದೆ ಜಾಲರಿ ಹಾಳಾದರೆ ಆ ಪಟ್ಟಿಯನ್ನಷ್ಟೇ ಬಿಚ್ಚಿ ಹೊಸದು ಹಾಕಿದರಾಯಿತು. ಬೇರೆ ಪಟ್ಟಿ ಅಂದದ್ದಕ್ಕೆ ಇದೂ ಒಂದು ಕಾರಣ.

ಜಾಲರಿಯ ತುದಿಯನ್ನು ಮೇಜಿನ ಮೇಲೆ ಸಮ ಮಾಡಬೇಡಿ. ಬೂಟು ಹಾಕಿ, ಚಾಪ್ಸ್ ಕಟ್ಟಿ, ನಡೆದು, ಕುದುರೆ ಮೇಲೆ ಕೂತು ನೋಡಿ. ಕಾಲ ಕೆಳಗೆ ಸಿಗುವಂಥದ್ದು, ಸ್ಪರ್‌ಗೆ (ಕುದುರೆಯನ್ನು ತಿವಿಯಲು ಬೂಟಿನ ಹಿಮ್ಮಡಿಗೆ ಕಟ್ಟುವ ಲೋಹದ ಮುಳ್ಳು) ಸಿಕ್ಕಿಕೊಳ್ಳುವಂಥದ್ದು ಎಲ್ಲ ಆಗ ಕತ್ತರಿಸಿ. ಉಳಿದ ಪಟ್ಟಿಯಿಂದ ಒಂದು ಸಣ್ಣ ಎಳೆ ಸೀಳಿ, ಸೊಂಟದ ಮುಂಭಾಗದಲ್ಲಿ ಎರಡೂ ಕಾಲನ್ನು ಜೋಡಿಸಲು ಅದನ್ನೇ ಕಟ್ಟಿ. ಅಲ್ಲಿ ಗಟ್ಟಿ ಬಕಲ್ ಹಾಕಲೇಬೇಡಿ. ಜೀನಿನ ಮುಂದೆ ಎದ್ದು ನಿಂತ ಕೊಂಬಿಗೆ ಚಾಪ್ಸ್ ಸಿಕ್ಕಿಕೊಂಡರೆ ಹರಿಯಬೇಕಾದ್ದು ಆ ಎಳೆಯೇ.