ಖಾಲಿ ಜಾಗ ದಾಟುವ ಕಾಲು

ಕರಿಯ ಹೋಗಿ ಹನ್ನೊಂದು ದಿನ ಆಗಿತ್ತು. ರಾತ್ರಿ ಎರಡು ಗಂಟೆಗೆ ಬಾಯಾರಿಕೆಯಾಗಿ ಎದ್ದೆ. ದೀಪ ಹಾಕದೆ ಅಡುಗೆಮನೆ ಕಡೆ ಹೊರಟೆ. ನಡುಮನೆಯ ಹೊಸ್ತಿಲ ಹತ್ತಿರ ಬಂದಾಗ ಬಲಗಾಲು ತಾನಾಗಿ ಮೇಲೆದ್ದು, ಅಷ್ಟು ದೂರ ಆಚೆ ಹೋಗಿ ನೆಲ ಮುಟ್ಟಿತು. ದಾಟಿದ್ದು ಏನನ್ನು? ಅಲ್ಲಿದ್ದದ್ದು ಬರೀ ನೆಲ. ಆರು ವರ್ಷ ಆ ಹೊಸ್ತಿಲಿಗೆ ಅಡ್ಡಡ್ಡ ಮಲಗುತ್ತಿದ್ದವನನ್ನು ನಾನೇ ಕೈಯಾರೆ ಕಳಿಸಿಕೊಟ್ಟು ಬಂದಿದ್ದೆ. ನನಗೆ ಗೊತ್ತಿತ್ತು. ಕಾಲಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ನಾಯಿ, ಬೆಕ್ಕು ಕಳೆದುಕೊಂಡ ಎಷ್ಟೋ ಜನ ಇಂಥದ್ದನ್ನು ಹೇಳುತ್ತಾರೆ. ಉಗುರಿನ ಟಕಟಕ ಕೇಳಿಸಿತು, ಗೇಟಿನ ಹತ್ತಿರ ಬಾಲ ಕಂಡಂತಾಯಿತು ಅಂತ. ಹೇಳಿದ ಮೇಲೆ ಸ್ವಲ್ಪ ನಾಚಿಕೊಳ್ಳುತ್ತಾರೆ. ನಾಚಿಕೊಳ್ಳುವಂಥದ್ದೇನೂ ಇಲ್ಲ. ಇಲಿಗಳಿಗೂ ಹೀಗೇ ಆಗುತ್ತದೆ.

ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅನ್ನುವ ಇಬ್ಬರು ವಿಜ್ಞಾನಿಗಳ ಪ್ರಯೋಗಾಲಯ ಇದೆ. ಮಿದುಳು ಜಾಗಗಳನ್ನು ಹೇಗೆ ಗುರುತಿಟ್ಟುಕೊಳ್ಳುತ್ತದೆ ಅಂತ ಹುಡುಕಿದ್ದಕ್ಕೆ 2014ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಅದಕ್ಕೆ ಒಂದು ವರ್ಷ ಮುಂಚೆ ಅಲ್ಲಿಂದ ಬಂದ ಒಂದು ಪ್ರಯೋಗ ನನಗೆ ಜಾಸ್ತಿ ಇಷ್ಟ. ಇಲಿ ಓಡಾಡುವ ಪೆಟ್ಟಿಗೆಯಲ್ಲಿ ಒಂದು ವಸ್ತು ಇಟ್ಟರು. ಇಲಿ ಅದರ ಹತ್ತಿರ ಬಂದಾಗಲೆಲ್ಲ ಮಿದುಳಿನ ಕೆಲವು ಕೋಶಗಳು ಮಿಡಿದವು. ಆಮೇಲೆ ವಸ್ತುವನ್ನು ತೆಗೆದುಬಿಟ್ಟರು. ಆಗ ಬೇರೆ ಕೆಲವು ಕೋಶಗಳು ಮಿಡಿಯಲು ಶುರುಮಾಡಿದವು. ಅದೂ ಎಲ್ಲಿ? ವಸ್ತು ಮೊದಲು ಇದ್ದ ಜಾಗಕ್ಕೆ ಇಲಿ ಬಂದಾಗ ಮಾತ್ರ. 'ಇಲ್ಲೇನೋ ಇತ್ತಲ್ಲ' ಅಂತ ಹೇಳುವ ಕೋಶಗಳು ಅವು. ದಿನಗಟ್ಟಲೆ ಹಾಗೆ ಹೇಳುತ್ತಲೇ ಇದ್ದವು.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಮೇರಿ-ಫ್ರಾನ್ಸಿಸ್ ಓ'ಕಾನರ್ ಅಗಲಿಕೆಯ ದುಃಖವನ್ನು ಒಂದು ಬಗೆಯ ಕಲಿಕೆ ಅನ್ನುತ್ತಾರೆ. ಹತ್ತಿರದವರು ಎಲ್ಲಿರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವ ನಕ್ಷೆ ಮಿದುಳಿನಲ್ಲಿ ಇರುತ್ತದೆ. ಸಾವಿನ ಸುದ್ದಿ ಒಂದೇ ಕ್ಷಣದ್ದು. ನಕ್ಷೆ ತಿದ್ದುವ ಕೆಲಸಕ್ಕೆ ಮಾತ್ರ ತಿಂಗಳುಗಳು ಬೇಕು. ಬೆಳಗ್ಗೆ ಆರಕ್ಕೆ ಯಾರೂ ಎಬ್ಬಿಸಲಿಲ್ಲ, ಸಂಜೆ ಬೀಗ ತೆಗೆದಾಗ ಯಾರೂ ಹಾರಿ ಬೀಳಲಿಲ್ಲ. ಇಂಥ ಒಂದೊಂದು 'ಇಲ್ಲ'ವನ್ನೂ ಬೇರೆ ಬೇರೆಯಾಗಿ ಕಲಿಯಬೇಕು. ನಾಯಿಯ ವಿಷಯದಲ್ಲಿ ಈ ಪಾಠಗಳು ಜಾಸ್ತಿ, ಯಾಕೆಂದರೆ ನಾಯಿ ದಿನದ ಪ್ರತಿ ಗಂಟೆಯಲ್ಲೂ ಸೇರಿಕೊಂಡಿರುತ್ತದೆ. ದೂರದ ಊರಿನ ಚಿಕ್ಕಪ್ಪ ತೀರಿಕೊಂಡಾಗ ಬರದಷ್ಟು ಅಳು ನಾಯಿ ಸತ್ತಾಗ ಬಂತು ಅಂತ ಕೆಲವರು ಅಪರಾಧಿ ಭಾವದಿಂದ ಹೇಳುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬೇಕು.

ಕರಿಯ ಬೀದಿಯಿಂದ ಬಂದವನು. ಬೆಂಗಳೂರಲ್ಲಿ 2023ರ ಎಣಿಕೆಯಂತೆ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಒಂದು ಕಾಲಕ್ಕೆ ಇವನೂ ಅಂಥವರಲ್ಲೊಬ್ಬ. ಒಂದು ಸ್ಕೂಟರ್ ಗುದ್ದಿ ಹಿಂಗಾಲು ಮುರಿದುಕೊಂಡು ನಮ್ಮ ಗೇಟಿನ ಮುಂದೆ ಬಿದ್ದಿದ್ದ. ಕಾಲು ಕೂಡುವ ತನಕ ಅಂತ ಒಳಗೆ ತಂದೆವು. "ನಾಯಿ ಮನೆಯೊಳಗೆ ಬಂದ್ರೆ ನಾನು ಊರಿಗೆ ಹೋಗ್ತೀನಿ" ಅಂದಿದ್ದರು ಅಮ್ಮ. ಹೋಗಲಿಲ್ಲ. ಕಾಲು ಕೂಡಿತು, ಅವನೂ ಹೋಗಲಿಲ್ಲ.

ಮೊದಲ ಮೂರು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಮೊಸರನ್ನ ಇಟ್ಟರೆ ನಾವು ಕೋಣೆ ಬಿಟ್ಟ ಮೇಲೆ ತಿನ್ನುತ್ತಿದ್ದ. ಕೃತಜ್ಞತೆ ಇಲ್ಲದ ನಾಯಿ ಅಂದುಕೊಂಡೆ. ತಪ್ಪು ನನ್ನದೇ. ಅಮೆರಿಕದ ಒಹಾಯೊದಲ್ಲಿ 1990ರ ದಶಕದಲ್ಲಿ ಶೆಲ್ಟರ್ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಅಳೆದಿದ್ದರು. ಅದು ತೀರಾ ಏರಿದ್ದದ್ದು ಮೊದಲ ಮೂರು ದಿನ. ಆ ದಿನಗಳಲ್ಲಿ ನಾಯಿಯ ನಿಜವಾದ ಸ್ವಭಾವ ಕಾಣುವುದಿಲ್ಲ, ಕಾಣುವುದು ಹೆದರಿಕೆ ಅಷ್ಟೇ. ಹಾಗಾಗಿ ಹೊಸ ನಾಯಿ ಬಂದ ದಿನವೇ ಸ್ನಾನ ಮಾಡಿಸುವುದು, ನೆಂಟರನ್ನೆಲ್ಲ ಕರೆದು ತೋರಿಸುವುದು, ಮಕ್ಕಳ ಮಡಿಲಿಗೆ ಕೂರಿಸಿ ಫೋಟೋ ತೆಗೆಯುವುದು ದಯವಿಟ್ಟು ಬೇಡ. ಲಸಿಕೆ, ಜಂತಿನ ಔಷಧಿ, ಉಣ್ಣಿ ಕಚ್ಚಿ ಬರುವ ಜ್ವರದ ರಕ್ತಪರೀಕ್ಷೆ ಆಗಲಿ. ಮಿಕ್ಕಿದ್ದಕ್ಕೆ ಸುಮ್ನೆ ಬಿಟ್ಟುಬಿಡಿ.

ದೊಡ್ಡ ನಾಯಿ ತಂದರೆ ಹೊಂದಿಕೊಳ್ಳುವುದಿಲ್ಲ, ಮರಿಯೇ ಬೇಕು ಅನ್ನುವ ನಂಬಿಕೆಯೂ ಇದೆ. ಹಂಗೆರಿಯ ಬುಡಾಪೆಸ್ಟ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ. ಆಶ್ರಯಧಾಮದ ವಯಸ್ಕ ನಾಯಿಗಳ ಜೊತೆ ಒಬ್ಬ ಅಪರಿಚಿತ ವ್ಯಕ್ತಿ ಹತ್ತು ಹತ್ತು ನಿಮಿಷದಂತೆ ಮೂರು ಸಲ ಕಳೆದರು. ಒಟ್ಟು ಅರ್ಧ ಗಂಟೆ. ಆಮೇಲೆ ಪುಟ್ಟ ಮಕ್ಕಳಿಗೆ ತಾಯಿಯ ಮೇಲಿನ ನೆಚ್ಚುಗೆಯನ್ನು ಅಳೆಯುವ ಪರೀಕ್ಷೆಯನ್ನೇ ಈ ನಾಯಿಗಳಿಗೂ ಒಡ್ಡಿದರು. ಆ ವ್ಯಕ್ತಿ ಹೊರಗೆ ಹೋದಾಗ ಬಾಗಿಲ ಹತ್ತಿರ ಕಾಯುವುದು, ವಾಪಸ್ ಬಂದಾಗ ಓಡಿ ಹೋಗುವುದು, ಎಲ್ಲ ಕಂಡಿತು. ಅರ್ಧ ಗಂಟೆಗೆ ಇಷ್ಟು! ನಮ್ಮ ಕಡೆಯ ಬೀದಿನಾಯಿಗಳ ಮೇಲೂ ಕೆಲಸ ಆಗಿದೆ. ಕೋಲ್ಕತ್ತಾದ ಐಸರ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ 2017ರಲ್ಲಿ ಹೇಳಿದ್ದು ಇದು: ಅಪರಿಚಿತರನ್ನು ನಂಬುವುದಕ್ಕೆ ಬೀದಿನಾಯಿಗೆ ಊಟಕ್ಕಿಂತ ತಲೆ ಸವರುವುದೇ ದೊಡ್ಡದು. ನಾಲ್ಕನೇ ದಿನ ಕರಿಯ ಮಂಚದ ಕೆಳಗಿಂದ ಮೂಗು ಹೊರಗೆ ಹಾಕಿದ. ಅಮ್ಮ ಟೀವಿ ನೋಡುತ್ತಾ ಕಾಲ್ಬೆರಳಿನಿಂದ ಆ ಮೂಗು ಸವರಿದರು. ಅಲ್ಲಿಗೆ ಮುಗಿಯಿತು.

ಇನ್ನು ಅವನ ಹಲ್ಲಿನ ವಿಷಯ.

ವಯಸ್ಸು ಎಷ್ಟಿರಬಹುದು ಅಂತ ನೋಡಲು ವೈದ್ಯರು ತುಟಿ ಎತ್ತಿದರು. "ನಾಲ್ಕು ವರ್ಷ ಇರಬಹುದು" ಅಂದರು. ಆಮೇಲೆ ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿದರು. ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದು ಪಟ್ಟೆಗಳು, ಉಗುರು ಆಡಿಸಿದರೆ ತಗ್ಗು ಗೊತ್ತಾಗುವ ಹಾಗೆ. "ಇವನಿಗೆ ಮರಿಯಾಗಿದ್ದಾಗ ಡಿಸ್ಟೆಂಪರ್ ಬಂದು ಹೋಗಿದೆ. ಬದುಕಿದ್ದೇ ಹೆಚ್ಚು."

ಡಿಸ್ಟೆಂಪರ್ ಹೆಚ್ಚಾಗಿ ನಾಯಿಮರಿಗಳಿಗೆ ಬರುವ ವೈರಸ್ ಕಾಯಿಲೆ. ಜ್ವರ, ಮೂಗು-ಕಣ್ಣಿನಿಂದ ಕೀವು, ಭೇದಿ, ಕೊನೆಗೆ ಫಿಟ್ಸ್. ಹಲ್ಲು ಒಸಡಿನೊಳಗೆ ಇನ್ನೂ ತಯಾರಾಗುತ್ತಿರುವಾಗ ಈ ವೈರಸ್ ಬಂದರೆ, ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮೆಲ್ ಕಟ್ಟುವ ಕೋಶಗಳು ಅಷ್ಟು ದಿನ ಕೆಲಸ ನಿಲ್ಲಿಸುತ್ತವೆ. ಕಾಯಿಲೆ ವಾಸಿಯಾದ ಮೇಲೆ ಮತ್ತೆ ಶುರು. ನಿಂತ ದಿನಗಳ ಗುರುತು ಹಲ್ಲಿನ ಮೇಲೆ ಪಟ್ಟೆಯಾಗಿ ಸಾಯುವ ತನಕ ಉಳಿಯುತ್ತದೆ.

ಇದೇ ಗುರುತು ಇರುವ ಇನ್ನೊಂದು ನಾಯಿ ಜರ್ಮನಿಯಲ್ಲಿದೆ. ಬಾನ್ ನಗರದ ಒಬರ್‌ಕಾಸಲ್‌ನಲ್ಲಿ 1914ರಲ್ಲಿ ಕಲ್ಲು ಗಣಿಯ ಕೆಲಸಗಾರರಿಗೆ ಒಂದು ಗೋರಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿ. ಸುಮಾರು 14,000 ವರ್ಷ ಹಳೆಯದು. ಆಗಿನ್ನೂ ಬೇಸಾಯವೇ ಶುರುವಾಗಿರಲಿಲ್ಲ. 2018ರಲ್ಲಿ ಆ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದಾಗ ಪಟ್ಟೆಗಳು ಕಂಡವು. ನಾಯಿ ಸತ್ತಾಗ ಅದಕ್ಕೆ ಏಳು ತಿಂಗಳೂ ತುಂಬಿರಲಿಲ್ಲ. ಸುಮಾರು 19 ವಾರದ ಮರಿಯಾಗಿದ್ದಾಗ ಡಿಸ್ಟೆಂಪರ್ ಹಿಡಿದಿರಬೇಕು. ಯಾರೂ ನೋಡಿಕೊಳ್ಳದಿದ್ದರೆ ಮೂರು ವಾರದೊಳಗೆ ಸಾಯಬೇಕಿದ್ದ ಮರಿ ಅದಕ್ಕಿಂತ ಜಾಸ್ತಿ ದಿನ ಬದುಕಿತ್ತು. ಯಾರೋ ಅದನ್ನು ಬೆಚ್ಚಗಿಟ್ಟಿದ್ದರು, ನೀರು ಕುಡಿಸಿದ್ದರು, ಹೊಲಸು ಒರೆಸಿದ್ದರು ಅನ್ನುವುದು ಸಂಶೋಧಕರ ಊಹೆ. ಆ ಮರಿ ಬೇಟೆಗೆ ಬರುವಂತಿರಲಿಲ್ಲ, ಕಾವಲಿಗೂ ಆಗುತ್ತಿರಲಿಲ್ಲ. ಸುಮ್ನೆ ಇಷ್ಟಪಟ್ಟು ಸಾಕಿದ್ದು.

ಹಾಗಾದರೆ ಕರಿಯನನ್ನು ಬದುಕಿಸಿದ್ದು ಯಾರು? ಭದ್ರ ಅವರ ತಂಡವೇ 364 ಬೀದಿ ಮರಿಗಳ ಬೆನ್ನುಹತ್ತಿ 2016ರಲ್ಲಿ ಬರೆದ ಲೆಕ್ಕ ಇದೆ. ಏಳು ತಿಂಗಳ ವಯಸ್ಸಿಗೆ ಮುಟ್ಟಿದವು ನೂರಕ್ಕೆ 19 ಮಾತ್ರ. ಅಂಥದ್ದರಲ್ಲಿ ಡಿಸ್ಟೆಂಪರ್ ಬೇರೆ. ಈ ಪ್ರಶ್ನೆ ನನಗೆ ಆರು ವರ್ಷ ಹೊಳೆಯಲೇ ಇಲ್ಲ. ಅವನ ಕಥೆ ನಮ್ಮ ಗೇಟಿನಿಂದ ಶುರುವಾಯಿತು ಅಂತಲೇ ನಂಬಿದ್ದೆ.

ನಾಯಿಗೆ ಒಂದು ವರ್ಷ ಅಂದರೆ ನಮಗೆ ಏಳು ಅನ್ನುವ ಲೆಕ್ಕ ತಪ್ಪು. ಲ್ಯಾಬ್ರಡಾರ್‌ಗಳ ಡಿಎನ್‌ಎ ಮೇಲೆ ವಯಸ್ಸಿನ ಜೊತೆ ಕೂಡುವ ರಾಸಾಯನಿಕ ಗುರುತುಗಳನ್ನು ಮನುಷ್ಯರದಕ್ಕೆ ಹೋಲಿಸಿ 2020ರಲ್ಲಿ ಹೊಸ ಸೂತ್ರ ಬಂತು. ಅದರ ಪ್ರಕಾರ ಒಂದು ವರ್ಷದ ನಾಯಿ ಆಗಲೇ 31ರ ಮನುಷ್ಯ. ನಾಲ್ಕು ವರ್ಷಕ್ಕೆ 53. ಆಮೇಲೆ ನಿಧಾನವಾಗಿ ಹತ್ತಕ್ಕೆ 68. ಅಂದರೆ ಕರಿಯ ನಮ್ಮ ಮನೆಗೆ ಬರುವಾಗಲೇ ನಡುವಯಸ್ಸು ದಾಟಿದ್ದ. ದೊಡ್ಡ ನಾಯಿಯನ್ನು ಮನೆಗೆ ತಂದುಕೊಳ್ಳುವವರು ಈ ಲೆಕ್ಕವನ್ನೂ ಜೊತೆಗೇ ತಂದುಕೊಂಡಿರುತ್ತಾರೆ.

ಹತ್ತರ ಹತ್ತಿರ ಕಿಡ್ನಿ ಕೈಕೊಟ್ಟಿತು. ನೀರು ಜಾಸ್ತಿ ಕುಡಿಯುತ್ತಿದ್ದ, ರಾತ್ರಿ ಎರಡು ಸಲ ಹೊರಗೆ ಕರೆದುಕೊಂಡು ಹೋಗಬೇಕಿತ್ತು. ಬೇಸಿಗೆ ಅಂದುಕೊಂಡೆವು. ರಕ್ತಪರೀಕ್ಷೆಯಲ್ಲಿ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಲ್ಮಶ ಏರಿದ್ದು ಕಾಣುವಷ್ಟರಲ್ಲಿ ಕಿಡ್ನಿಯ ಮುಕ್ಕಾಲು ಕೆಲಸ ನಿಂತಿರುತ್ತದೆ. 'ಮೊದಲೇ ಗೊತ್ತಾಗಬೇಕಿತ್ತು' ಅಂತ ಹಲುಬುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆ ಅಂಗವೇ ಹಾಗೆ, ಕೊನೆಯ ತನಕ ಬಾಯಿ ಬಿಡುವುದಿಲ್ಲ. ಎರಡು ತಿಂಗಳು ಪರದೆ ಕಂಬಿಗೆ ಸಲೈನ್ ಬಾಟಲಿ ನೇತುಹಾಕಿ, ಬೆನ್ನಿನ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚುತ್ತಿದ್ದೆ. ನೀರು ಒಳಗೆ ಇಳಿದಂತೆ ಭುಜದ ಮೇಲೆ ಒಂಟೆಯ ಡುಬ್ಬದ ಹಾಗೆ ಉಬ್ಬುತ್ತಿತ್ತು. ಬೆಳಗಾಗುವಷ್ಟರಲ್ಲಿ ಅದು ಇಳಿದು ಮುಂಗಾಲಿಗೆ ಬಂದಿರುತ್ತಿತ್ತು. ಅಮ್ಮ ಆ ಹೊತ್ತಲ್ಲಿ ಅವನ ಮುಖ ಹಿಡಿದು ಕೂರುತ್ತಿದ್ದರು.

ಅನ್ನ ಬಿಟ್ಟ ಐದನೇ ದಿನ ವೈದ್ಯರು ಮನೆಗೇ ಬಂದರು. ಮೊದಲು ಮಂಪರಿನ ಇಂಜೆಕ್ಷನ್. ಅವನು ಹೊಸ್ತಿಲ ಮೇಲೆಯೇ ನಿದ್ದೆ ಹೋದ. ಆಮೇಲೆ ರಕ್ತನಾಳಕ್ಕೆ ಅರಿವಳಿಕೆ ಮದ್ದು, ಆಪರೇಷನ್‌ಗೆ ಕೊಡುವುದಕ್ಕಿಂತ ಎಷ್ಟೋ ಪಟ್ಟು. ಮಿದುಳು ಮೊದಲು ಮಲಗುತ್ತದೆ, ಆಮೇಲೆ ಉಸಿರು, ಕೊನೆಗೆ ಹೃದಯ. ಹೃದಯ ನಿಂತ ಮೇಲೂ ಒಂದೆರಡು ಸಲ ಎದೆ ದೊಡ್ಡದಾಗಿ ಏಳಬಹುದು, ಕಣ್ಣು ತೆರೆದೇ ಇರುತ್ತದೆ. ಇದನ್ನು ಮೊದಲೇ ಹೇಳಿದ್ದಕ್ಕೆ ಆ ವೈದ್ಯರಿಗೆ ಋಣಿ. ಹೇಳದೇ ಇದ್ದಿದ್ದರೆ ನಾನು ಅವನು ಬದುಕಿದ್ದಾನೆ ಅಂತ ಕೂಗುತ್ತಿದ್ದೆ.

ಮಾರನೆ ದಿನ ಆಫೀಸಿಗೆ 'ಜ್ವರ' ಅಂತ ಮೆಸೇಜ್ ಹಾಕಿದೆ. ನಾಯಿ ಸತ್ತಿದೆ ಅಂತ ಬರೆಯಲು ಧೈರ್ಯ ಬರಲಿಲ್ಲ. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖಕ್ಕೆ ಕೆನೆತ್ ಡೋಕಾ ಅನ್ನುವ ಅಮೆರಿಕದ ವಿದ್ವಾಂಸರು 1989ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ 'ಹಕ್ಕಿಲ್ಲದ ದುಃಖ' ಅನ್ನಬಹುದೇನೋ. ಸೂತಕ ಇಲ್ಲ, ತಿಥಿ ಇಲ್ಲ, ಮಾತಾಡಿಸಲು ಬರುವವರಿಲ್ಲ. 'ಇನ್ನೊಂದು ತಂದರಾಯಿತು ಬಿಡಿ' ಅನ್ನುವವರು ಮಾತ್ರ ಇರುತ್ತಾರೆ. ದುಃಖದ ಐದು ಹಂತಗಳು ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. 1969ರಲ್ಲಿ ಆ ಹಂತಗಳು ಹುಟ್ಟಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರು ಹೀಗೇ ಅಳಬೇಕು ಅನ್ನುವ ವೇಳಾಪಟ್ಟಿ ಅದಲ್ಲ.

ಆದರೆ ನಮ್ಮಲ್ಲಿ ಹಕ್ಕು ಕೊಟ್ಟ ಕಾಲವೂ ಇತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕ್ರಿ.ಶ. 949-50ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಮೇಲೆ ಗಂಗ ದೊರೆ ಬೂತುಗ ತನ್ನ ವೀರ ಮಣಲೆರನಿಗೆ ಮೆಚ್ಚಿದ್ದನ್ನು ಕೇಳು ಅಂದ. ಮಣಲೆರ ಕೇಳಿದ್ದು ದೊರೆಯ ನಾಯಿಯನ್ನು. ಹೆಸರು ಕಾಳಿ. ಅದು ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು, ನಾಯಿಯೂ ಹಂದಿಯೂ ಕಾದಾಡುವುದನ್ನು ಕೆತ್ತಿಸಿದರು, ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಪೂಜಾರಿ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಬರೆಸಿದರು. ದಿನಾ ಊಟಕ್ಕೆ ಮುಂಚೆ ಒಂದು ಸಲ ನಾಯಿಯ ನೆನಪು. ಮನಃಶಾಸ್ತ್ರಜ್ಞರು ಇವತ್ತು ಸತ್ತವರ ಜೊತೆಗಿನ ನಂಟನ್ನು ಕಡಿದುಕೊಳ್ಳಬೇಕಿಲ್ಲ, ಅದಕ್ಕೊಂದು ಹೊಸ ಜಾಗ ಮಾಡಿಕೊಟ್ಟರೆ ಸಾಕು ಅನ್ನುತ್ತಾರೆ. ಆತಕೂರಿನವರು ಅದನ್ನು ಕಲ್ಲಿನ ಮೇಲೆ ಬರೆದಿಟ್ಟಿದ್ದರು.

ಎರಡು ವಾರದ ಮೇಲೆ ಬೀದಿ ಕೊನೆಯ ಹೂವಿನ ಅಜ್ಜಿಗೆ ವಿಷಯ ಹೇಳಿದೆ. ಮಲ್ಲಿಗೆ ಮೊಳ ಹಾಕುತ್ತಿದ್ದ ಕೈ ಅರ್ಧಕ್ಕೆ ನಿಂತಿತು.

"ಹೋಗ್ಬಿಟ್ನಾ? ಮರಿಯಾಗಿದ್ದಾಗ್ಲೇ ಹೋಗ್ಬೇಕಿತ್ತು ಮಗಾ. ಕಣ್ಣು ಮೂಗೆಲ್ಲ ಅಂಟ್ಕೊಂಡಿತ್ತು. ಗೋಣಿಚೀಲದ ಮೇಲೆ ಮಲಗಿಸಿ ಒಂದು ತಿಂಗಳು ಗಂಜಿ ಕುಡಿಸಿದ್ದೆ."

ಅಷ್ಟು ವರ್ಷ ಅವಳ ಮುಂದೆಯೇ ಅವನನ್ನು ಹಗ್ಗ ಹಿಡಿದು ವಾಕಿಂಗ್ ಕರೆದುಕೊಂಡು ಹೋಗಿದ್ದೆ. ಅಲ್ಲಿ ಬಂದಾಗಲೆಲ್ಲ ಅವನು ಎಳೆಯುತ್ತಿದ್ದ. ಹೂವಿನ ವಾಸನೆಗೆ ಅಂದುಕೊಂಡಿದ್ದೆ. ಅಜ್ಜಿ ಇನ್ನೂ ಅರ್ಧ ಮೊಳ ಜಾಸ್ತಿ ಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನು ತಂದು ಹೊಸ್ತಿಲ ಮೇಲಿಟ್ಟೆ. ಅಮ್ಮ ಯಾಕೆ ಅಂತ ಕೇಳಲಿಲ್ಲ.

ಈಗ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಕಂದು ಬಣ್ಣ, ಒಂದು ಕಿವಿಯ ತುದಿ ಕತ್ತರಿಸಿದೆ, ಅಂದರೆ ಸಂತಾನಹರಣ ಆಪರೇಷನ್ ಆಗಿದೆ. ಹೊಸ್ತಿಲು ಅವಳಿಗೆ ಹಿಡಿಸಲಿಲ್ಲ. ಹೊಸ್ತಿಲ ಆಚೆ, ಫ್ರಿಜ್ ಪಕ್ಕದ ಬೆಚ್ಚನೆ ಜಾಗದಲ್ಲಿ ಮಲಗುತ್ತಾಳೆ. ಮೊನ್ನೆ ರಾತ್ರಿ ನೀರಿಗೆ ಎದ್ದವರ ಕಾಲು ಹಳೆ ಅಭ್ಯಾಸದಂತೆ ಖಾಲಿ ಹೊಸ್ತಿಲನ್ನು ದಾಟಿ ನೇರ ಅವಳ ಬಾಲದ ಮೇಲೆ ಬಿತ್ತು. ಎದ್ದದ್ದು ನಾನಲ್ಲ, ಅಮ್ಮ.