ಹಳೇ ರೇಸ್ ಬ್ಲಾಕ್ ತಗೊಳೂ ಮೊದಲ ಗೋಡಿ ಅಳೀರಿ

ನಮ್ಮ ಗಡಹಿಂಗ್ಲಜ ಕಡೆ ಹುಡುಗ್ರು ಭಾಳ ಮಂದಿ ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾವ್ ಎಂಐಡಿಸಿ (ಕೈಗಾರಿಕಾ ಪ್ರದೇಶ) ಫೌಂಡ್ರಿಗೆ, ಅಂದ್ರ ಲೋಹ ಕರಗಿಸಿ ಅಚ್ಚಿಗೆ ಹೊಯ್ಯೋ ಕಾರ್ಖಾನೆಗೆ ಹೋಗೋರು, ನಾನೂ ನಾಕು ವರ್ಷ ಕೋರ್ ಶಾಪ್‌ನಾಗ ಮಣ್ಣು ಹೊತ್ತಾಂವ. ಅದಕ್ಕ ಮಾವನ ಮಗ ಫೋನ್ ಮಾಡಿ "ಅಣ್ಣಾ, ರೇಸ್‌ನಾಗ ಓಡಿದ್ದ 4ಜಿ63 ಬ್ಲಾಕ್ ಸಿಗಾಕತ್ತೈತಿ, ಬೋರ್ ಕನ್ನಡಿ ಕನ್ನಡಿ ಐತಿ, ತಗೊಳ್ಳಲೇನು?" ಅಂದಾಗ ನಾ ಕೇಳಿದ್ದು ಒಂದೇ, ಗೋಡಿ ಎಷ್ಟು ದಪ್ಪ ಐತೋ? ಅವ ಸುಮ್ಮನಾದ. ಬ್ಲಾಕ್ ಅಂದ್ರ ಎಂಜಿನ್ನಿನ ಮೈ, ಬೋರ್ ಅಂದ್ರ ಅದರಾಗ ಪಿಸ್ಟನ್ ಓಡಾಡೋ ಗುಂಡನ ಸಿಲಿಂಡರಿನ ತೂತು, ಗೋಡಿ ಅಂದ್ರ ಆ ತೂತಿನ ಸುತ್ತಲಿನ ಲೋಹ.

ಈ 4ಜಿ63 ಅಂದ್ರ ಮಿತ್ಸುಬಿಷಿದು, ಲ್ಯಾನ್ಸರ್ ಇವೊ ಗಾಡ್ಯಾಗ ಒಂಬತ್ತನೇ ಮಾಡೆಲ್ ತನಕ ಬಂದಿದ್ದು. ಬ್ಲಾಕ್ ಬೀಡಿಂದು (ಕಾಸ್ಟ್ ಐರನ್), ಬೋರಿನ ಅಗಲ 85 ಮಿಮೀ, ಸ್ಟ್ರೋಕ್ ಅಂದ್ರ ಪಿಸ್ಟನ್ ಮ್ಯಾಲೆ ಕೆಳಗ ಓಡೋ ದೂರ 88, ಒಟ್ಟು 1997 ಸಿಸಿ. ಟರ್ಬೊ ಹಾಕಿ ಒಳಗಿನ ಒತ್ತಡ 100 ಬಾರ್ ಮುಟ್ಟಿಸಿದ್ರ ಒಂದೊಂದು ಪಿಸ್ಟನ್ ಮ್ಯಾಲೆ ಹೆಚ್ಚುಕಮ್ಮಿ 5.8 ಟನ್ ಬೀಳ್ತೈತಿ, 7,200 ಆರ್‌ಪಿಎಂದಾಗ ಈ ಪೆಟ್ಟು ಪ್ರತಿ ಸಿಲಿಂಡರಿಗೂ ಸೆಕೆಂಡಿಗೆ 60 ಸಲ. ಪಿಸ್ಟನ್ನಿಗೂ ಕೆಳಗಿನ ಕ್ರ್ಯಾಂಕ್ ಶಾಫ್ಟಿಗೂ ನಡುವಿನ ಕನೆಕ್ಟಿಂಗ್ ರಾಡ್ ಸೊಟ್ಟ ನಿಂತಿರ್ತೈತಲ್ಲ, ಅದಕ್ಕ ಪಿಸ್ಟನ್ ಬರೇ ಕೆಳಗ ಹೋಗಂಗಿಲ್ಲ, ಒಂದು ಕಡೆ ಗೋಡೀನ ಒತ್ಕೊಂಡು ಹೋಗ್ತೈತಿ. ಅದಕ್ಕ ಥ್ರಸ್ಟ್ ಸೈಡ್ ಅಂತಾರ, ಗೋಡಿ ಗಟ್ಟಿ ಇರಬೇಕಾದ್ದು ಅಲ್ಲೇ.

ಈಗ ಫೌಂಡ್ರಿ ಮಾತು. ಸಿಲಿಂಡರ್ ಸುತ್ತ ನೀರು ಓಡಾಡೋ ಖಾಲಿ ಜಾಗ ಇರ್ತೈತಿ, ಅದನ್ನ ಮಾಡಾಕ ಮಣ್ಣಿನ ಕೋರ್ ಇಟ್ಟು ಸುತ್ತ ಬೀಡು ಹೊಯ್ತೀವಿ. ಕರಗಿದ ಬೀಡು ಒಂದು ಸಿಸಿಗೆ 7 ಗ್ರಾಂ ಹತ್ರ ತೂಗ್ತೈತಿ, ಮಣ್ಣಿನ ಕೋರ್ ಸುಮಾರು 1.6, ಅಂದ್ರ ಆ ಕೋರ್ ನೀರಾಗ ಬೆಂಡು ತೇಲಿದಂಗ ತೇಲಾಕ ನೋಡ್ತೈತಿ, ತನ್ನ ತೂಕದ ಮೂರು ಪಟ್ಟಿಗಿಂತ ಜಾಸ್ತಿ ಜೋರಿನಿಂದ ಮ್ಯಾಲೆ ಒದೀತೈತಿ. ಅದನ್ನ ಹಿಡಿದು ನಿಲ್ಲಸೋದ ದೊಡ್ಡ ಕೆಲಸ. ಒಂದು ಮಿಲಿಮೀಟರ್ ಜರಗಿತು ಅಂದ್ರ ಗೋಡಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗ, ಆಮ್ಯಾಲೆ ಒಳಗ ಬೋರಿಂಗ್ ಮಾಡಿ ಗುಂಡಗ ಮಾಡಿಬಿಟ್ರ ಯಾವ ಕಣ್ಣಿಗೂ ಕಾಣಂಗಿಲ್ಲ. ಕನ್ನಡಿ ಹೊಳಪು ಬೋರ್ ಉಜ್ಜಿ ನುಣ್ಣಗ ಮಾಡೋ ಹೋನಿಂಗ್ ಮಿಷಿನ್ ಕೊಟ್ಟಿದ್ದು, ಅದರ ಹಿಂದ ಬೀಡು ಎಷ್ಟೈತಿ ಅನ್ನೋದು ಆ ದಿನ ಕೋರ್ ಎಲ್ಲಿ ಕುಂತಿತ್ತು ಅನ್ನೋದರ ಮ್ಯಾಲೆ. ಮ್ಯಾಲಿಂದ ರೇಸ್ ಮಂದಿ ಒಂದೆರಡು ಸಲ ಬೋರ್ ಮಾಡ್ಸಿರ್ತಾರ, 0.50 ಓವರ್‌ಸೈಜ್ ಅಂದ್ರ ಸುತ್ತಲೂ ಗೋಡಿ 0.25 ಮಿಮೀ ಹೋದಂಗ.

ಅಳ್ಯಾಕ ಅಲ್ಟ್ರಾಸೋನಿಕ್ ಮೀಟರ್ ಅದಾವ, ಗೋಡಿಗೆ ಹಚ್ಚಿದ್ರ ಸದ್ದು ಹೋಗಿ ಆ ಕಡೆ ಬಡದು ವಾಪಸ್ ಬರೋ ಟೈಮ್ ನೋಡಿ ದಪ್ಪ ಹೇಳ್ತೈತಿ. ಆದ್ರ ಇಲ್ಲೂ ಒಂದು ಮೋಸ ಐತಿ. ಸ್ಟೀಲ್‌ನಾಗ ಸದ್ದು ಸೆಕೆಂಡಿಗೆ 5,900 ಮೀಟರ್ ಆಸುಪಾಸು ಓಡ್ತೈತಿ, ಬೀಡಿನಾಗ ಗ್ರಾಫೈಟ್ ಹಾಳಿ ಅಡ್ಡ ಬಂದು 4,600 ಆಸುಪಾಸು, ಅದೂ ಬೀಡಿಂದ ಬೀಡಿಗೆ ಫರಕ. ಸ್ಟೀಲಿಗೆ ಸೆಟ್ ಮಾಡಿದ ಮೀಟರ್ ಹಚ್ಚಿದ್ರ 4.6 ಮಿಮೀ ಗೋಡಿ 5.9 ಅಂತ ತೋರಸ್ತೈತಿ! ಮಾರೋನಿಗೆ ಖುಷಿ. ಅದಕ್ಕ ಅದೇ ಬ್ಲಾಕಿನ ಕೈಗೆ ಸಿಗೋ ಒಂದು ಜಾಗ ವರ್ನಿಯರ್‌ದಿಂದ ಅಳದು, ಮೀಟರ್ ಅದಕ್ಕ ಹೊಂದಿಸಿಕೊಂಡು, ಆಮ್ಯಾಲೆ ಪ್ರತಿ ಸಿಲಿಂಡರ್ ನಾಕೂ ಕಡೆ, ಮ್ಯಾಲೆ ನಡುವ ಕೆಳಗ ನೋಡಬೇಕು.

"ಸೀಸನ್ ಆದ ಬ್ಲಾಕ್ ರೀ" ಅಂತ ಮಾರೋರು ಅಂತಾರ, ಅದು ಪೂರಾ ಸುಳ್ಳಲ್ಲ. ಗಾಣದಾಗ ಬೆಲ್ಲ ಆರಾಕ ಇಟ್ಟಾಗ ಅಂಚು ಮೊದಲ ಗಟ್ಟಿ ಆಗಿ ನಡುವಿಂದು ಆಮ್ಯಾಲೆ ಆಗ್ತೈತಲ್ಲ, ಬೀಡೂ ಹಂಗ, ತೆಳ್ಳಗಿನ ಭಾಗ ಮೊದಲ ಆರಿ, ದಪ್ಪಂದು ತಡವಾಗಿ ಆರೋ ಮುಂದ ಅದನ್ನ ಜಗ್ಗತೈತಿ, ಆ ಜಗ್ಗಾಟ ಒಳಗ ಉಳೀತೈತಿ. ಕಾದು ಆರಿ ಕಾದು ಆರಿ ಅದು ನಿಧಾನಕ್ಕ ಸಡ್ಲ ಆಗಿ ಬೋರಿನ ಆಕಾರ ನಿಲ್ತೈತಿ. 1983ರಾಗ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಾಗ ಫಾರ್ಮುಲಾ ಒನ್ ಚಾಂಪಿಯನ್ ಆದಾಗ ಹಿಂದಿದ್ದ ಬಿಎಂಡಬ್ಲ್ಯು 1.5 ಲೀಟರ್ ಟರ್ಬೊ ಎಂಜಿನ್ನಿನ ಮೂಲ ರಸ್ತೆ ಕಾರಿನ ಬೀಡಿನ ಬ್ಲಾಕ್, ಓಡಿ ಹಳೇದಾದ ಬ್ಲಾಕ್‌ಗಳನ್ನ ಹುಡುಕಿ ತಂದು ಬಳಸ್ತಿದ್ರು ಅಂತಾರ. ಆದ್ರ ಸೀಸನ್ ಆಗಿದ್ದಕ್ಕ ತೆಳ್ಳನ ಗೋಡಿ ದಪ್ಪ ಆಗಂಗಿಲ್ಲ, ಮತ್ತ ಒಂದ್ಸಲ ನೀರಿಲ್ದ ಕಾದಿದ್ರ ಬಿರುಕು ಬಿಟ್ಟಿರ್ತೈತಿ, ಅದಕ್ಕ ಮ್ಯಾಗ್ನೆಟ್ ಪುಡಿ ಟೆಸ್ಟ್ ಮಾಡ್ಸೋದ ಛಲೋ.

ಇನ್ನೊಂದು, ಕ್ರ್ಯಾಂಕ್ ಶಾಫ್ಟ್ ಬ್ಲಾಕಿಗೆ ಹಿಡಿದಿಡೋ ಮೇನ್ ಬೇರಿಂಗ್ ಕ್ಯಾಪ್ ಎಲ್ಲಾ ಆ ಬ್ಲಾಕಿಂದೇ ಇರಬೇಕು. ಕ್ಯಾಪ್ ಬಿಗಿದ ಮ್ಯಾಲೆ ಸೇರಿಸಿ ಬೋರ್ ಹೊಡದಿರ್ತಾರ, ಬೇರೆದ್ದು ಹಾಕಿದ್ರ ಎಲ್ಲಾ ತೂತು ಒಂದೇ ಸಾಲಿಗೆ ಬರೋಹಂಗ ಮತ್ತ ಕೊರೆಯೋ ಲೈನ್ ಬೋರಿಂಗ್ ಮಾಡ್ಸಬೇಕು, ಆ ಖರ್ಚು ಬ್ಯಾರೇ.

ಕಡೀಕ ಹುಡುಗ ಮೀಟರ್ ಇರೋ ಮಿಸ್ತ್ರೀನ ಕರಕೊಂಡು ಹೋದ. ಮೂರನೇ ಸಿಲಿಂಡರ್, ಥ್ರಸ್ಟ್ ಕಡೆ ಗೋಡಿ 3.1 ಮಿಮೀ, ಎದುರಿನ ಕಡೆ 5.4. ಮಾರಾಂವಗ ತೋರಿಸಿದ್ರ ಅವನೂ ಬೆರಗಾದ, "ಈ ವಾರ ಮೂರು ಮಂದಿ ಬಂದ್ರು, ಎಲ್ಲಾರೂ ಟಾರ್ಚ್ ಬಿಟ್ಟು ನೋಡಿ ಹೋದ್ರು" ಅಂದನಂತ.