ನೀರು ಚೆಲ್ಲುವ ಮುನ್ನ ಒಂದು ಬಾಟಲಿ ಎತ್ತಿಡಿ

ಫೈಟರ್ ಮೀನು ಸಾಕಿದವರು ಗಾಬರಿಯಿಂದ ಫೋನ್ ಮಾಡಿದಾಗ ಹೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ: ‘ಡಾಕ್ಟ್ರೇ, ನಿನ್ನೆ ತಾನೇ ಪೂರ್ತಿ ನೀರು ಬದಲಾಯಿಸಿದ್ದೆ, ಆದರೂ ಇವತ್ತು ಮೀನು ತಳ ಸೇರಿದೆ.’ ಅವರು ‘ಆದರೂ’ ಎಂದದ್ದು ನನ್ನ ಕಿವಿಗೆ ‘ಆದ್ದರಿಂದ’ ಎಂದೇ ಬೀಳುತ್ತದೆ. ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ. ಮೀನನ್ನೂ ನೀರನ್ನೂ ನೋಡದೆ ತೀರ್ಪು ಕೊಡುವುದು ವೈದ್ಯನಿಗೆ ಸಲ್ಲದು. ಹಳೆಯ ನೀರು ಸ್ವಲ್ಪವಾದರೂ ಉಳಿದಿದೆಯೇ ಎಂದು ಕೇಳುತ್ತೇನೆ. ಉಳಿದಿರುವುದಿಲ್ಲ. ಬೌಲನ್ನು ಸೋಪು ಹಾಕಿ ಉಜ್ಜಿ, ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು, ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನು ಅಂದಾಜಿನ ಮೇಲೆ ಸುರಿದಾಗಿರುತ್ತದೆ. ನನಗೆ ಬೇಕಿದ್ದ ಸಾಕ್ಷ್ಯವೆಲ್ಲ ಅಷ್ಟರಲ್ಲಿ ಬಚ್ಚಲು ಸೇರಿರುತ್ತದೆ.

ಬೆಟ್ಟಾ ಎಂದೂ ಕರೆಯುವ ಈ ಫೈಟರ್, ಥಾಯ್ಲೆಂಡಿನ ಗದ್ದೆ ಮತ್ತು ಜೌಗುಗಳ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ತಲೆಯೊಳಗಿನ ಲ್ಯಾಬಿರಿಂತ್ ಎಂಬ ಅಂಗದ ಬಲದಿಂದ ಇದು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಅಂಗಡಿಗಳಲ್ಲಿ ಲೋಟದಷ್ಟು ನೀರಿನಲ್ಲಿಟ್ಟು ಇದನ್ನು ಮಾರಲು ಸಾಧ್ಯವಾಗಿರುವುದು ಅದರಿಂದಲೇ. ಆದರೆ ಗಾಳಿ ಎಳೆದುಕೊಳ್ಳುವ ಮೀನಿಗೂ ಕಿವಿರುಗಳಿವೆ, ಆ ಕಿವಿರುಗಳನ್ನು ಮೀನಿನ ತ್ಯಾಜ್ಯದಿಂದಲೇ ನೀರಿಗೆ ಸೇರುವ ಅಮೋನಿಯಾ ಸುಡುತ್ತದೆ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿಯೂ ಅದು ಇರಬಹುದು. ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ಹೀರಿ ಹೋಗುವುದು ಸಹಜ. ಮೇಲೆಯೇ ನಿಂತು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ಕಿವಿರನ್ನು ಬೇಗ ಬೇಗ ಆಡಿಸುತ್ತಿದ್ದರೆ ಅದು ಸಹಜವಲ್ಲ.

ಕಳೆದ ಬೇಸಿಗೆಯಲ್ಲಿ ಮಲ್ಲೇಶ್ವರದ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ಹಾಸ್ಟೆಲಿಗೆ ಹೋದ ಮೊಮ್ಮಗ ಬಿಟ್ಟುಹೋದ ‘ಕೆಂಪ’ನನ್ನು ಹಿಡಿಕೆಯ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು, ಜೊತೆಗೆ ಗೋಡೆಯಿಂದ ಕಿತ್ತ ಕ್ಯಾಲೆಂಡರಿನ ಹಾಳೆಯೂ ಇತ್ತು. ಊಟ ಹಾಕಿದ ದಿನ, ನೀರು ಬದಲಾಯಿಸಿದ ದಿನ ಎಲ್ಲವನ್ನೂ ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿದ್ದರು. ನಲ್ಲಿಯಲ್ಲಿ ಕಾವೇರಿ ನೀರು ಸರಿಯಾಗಿ ಬಾರದೆ ಹನ್ನೊಂದು ದಿನ ಬದಲಾಯಿಸಿರಲಿಲ್ಲ. ಹನ್ನೆರಡನೆಯ ದಿನ ಟ್ಯಾಂಕರ್ ಬಂದಾಗ ಅರ್ಧ ನೀರು ತೆಗೆದು ಅದನ್ನು ತುಂಬಿದ್ದರು. ‘ಪೂರ್ತಿ ಬದಲಾಯಿಸಬಾರದು ಅಂತ ನೀವೇ ಹೇಳಿದ್ದಿರಲ್ಲ ಡಾಕ್ಟ್ರೇ’ ಎಂದರು. ಹೇಳಿದ್ದೆ. ಪುಣ್ಯಕ್ಕೆ, ತೆಗೆದ ನೀರನ್ನು ಕರಿಬೇವಿನ ಗಿಡಕ್ಕೆಂದು ಬಾಲ್ಕನಿಯಲ್ಲಿ ಎತ್ತಿಟ್ಟಿದ್ದರು, ಅದರಿಂದ ಒಂದು ಹಾರ್ಲಿಕ್ಸ್ ಬಾಟಲಿ ತುಂಬಿಸಿ ತಂದಿದ್ದರು.

ಎರಡು ಗಾಜಿನ ನಳಿಕೆಗಳಲ್ಲಿ ಎರಡು ನೀರನ್ನೂ ತೆಗೆದುಕೊಂಡು ಟೆಸ್ಟ್ ಕಿಟ್ಟಿನ ಹನಿಗಳನ್ನು ಹಾಕಿ ಐದು ನಿಮಿಷ ಕಾದೆವು. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯಬೇಕಾದ ನೀರು ಎರಡರಲ್ಲೂ ಹಸಿರಾಯಿತು. ಹಳೆಯದು ಇನ್ನೂ ಗಾಢ ಹಸಿರು. ಹಳೆಯ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ, ಹೊಸದು ಬೆರೆತ ನೀರಿನಲ್ಲಿ 2. ‘ಅರ್ಧ ಕಡಿಮೆಯಾಗಿದೆಯಲ್ಲ, ಮತ್ತೇಕೆ ಹೀಗೆ?’ ಎಂದು ಅಜ್ಜಿ ಕೇಳಿದರು. ನನ್ನ ಬಳಿಗೆ ಬರುವವರು ಎಷ್ಟು ಹೇಳಿದರೂ ತಪ್ಪಾಗಿ ತಿಳಿಯುವ ಸಂಗತಿ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ವಿಷಕಾರಿಯಾದ ಅಮೋನಿಯಾ, ಮತ್ತು ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ. ಕಿಟ್ ಎರಡನ್ನೂ ಒಟ್ಟು ಸೇರಿಸಿ ತೋರಿಸುತ್ತದೆ. ಯಾವುದು ಎಷ್ಟು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ; ಅಂಕ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸರಿಸುಮಾರು ಹತ್ತು ಪಟ್ಟಾಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ ವಿಷರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಶೇಕಡಾ ಐದಕ್ಕೂ ಹೆಚ್ಚು. ಬಹುಕಾಲ ಬದಲಾಯಿಸದ ನೀರು ಆಮ್ಲೀಯವಾಗುತ್ತ ಹೋಗುತ್ತದೆ. ಹೀಗಾಗಿ ಕೊಳೆ ಸೇರಿದ್ದರೂ ಮೀನು ಹೇಗೋ ದಿನ ನೂಕುತ್ತಿರುತ್ತದೆ. ಅಜ್ಜಿಯ ಹಳೆಯ ನೀರಿನ ಪಿಎಚ್ 6.5 ಇತ್ತು, ಟ್ಯಾಂಕರಿನ ಗಡಸು ಬೋರ್‌ವೆಲ್ ನೀರು ಬೆರೆತ ಮೇಲೆ 7.5. ಒಟ್ಟು ಅಮೋನಿಯಾ ಅರ್ಧವಾಯಿತು, ವಿಷದ ಪಾಲು ಹತ್ತು ಪಟ್ಟಾಯಿತು. ಲೆಕ್ಕ ಹಾಕಿದರೆ ಮೀನಿನ ಕಿವಿರಿಗೆ ತಾಗುವ ವಿಷ ಒಂದೇ ಗಂಟೆಯಲ್ಲಿ ಐದು ಪಟ್ಟು. ಪಿಎಚ್ ಹಠಾತ್ತನೆ ಏರಿದ ಆಘಾತ ಬೇರೆ. ‘ಇದ್ದಕ್ಕಿದ್ದಂತೆ ಕಾಯಿಲೆ ಬಂತು’ ಎನ್ನುವವರ ಮನೆಯಲ್ಲಿ ಅದು ಎರಡು ವಾರಗಳಿಂದ ಕೂಡಿಕೊಳ್ಳುತ್ತ ಬಂದದ್ದು ಎಂಬುದನ್ನು ಆ ಕ್ಯಾಲೆಂಡರ್ ಹಾಳೆ ನನಗಿಂತ ಚೆನ್ನಾಗಿ ಹೇಳುತ್ತಿತ್ತು.

ಎಲ್ಲವೂ ನೀರಿನದೇ ದೋಷವೆಂದು ನಾನು ಹೇಳುತ್ತಿಲ್ಲ. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಮೈಮೇಲೆ ಚಿನ್ನದ ಪುಡಿ ಉದುರಿಸಿದಂತೆ ಕಂಡರೆ ಅದು ವೆಲ್ವೆಟ್ ಎಂಬ ಪರಾವಲಂಬಿಯಾಗಿರಬಹುದು. ಬೆನ್ನಿನ ಮೇಲೆ ಜೀನು ಹೊದಿಸಿದಂತೆ ಬಿಳಿಚಿದ ಪಟ್ಟಿ ಕಂಡರೆ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕನ್ನು ಸಂಶಯಿಸಬೇಕು. ಅದನ್ನು ಬೂಷ್ಟು ಎಂದು ಭಾವಿಸಿ ಹೀಟರ್ ಏರಿಸುವವರಿದ್ದಾರೆ, ಬಿಸಿ ಹೆಚ್ಚಿದಷ್ಟೂ ಆ ಸೋಂಕು ವೇಗವಾಗಿ ಹರಡುತ್ತದೆ. ಇವು ಕಾಯುವ ಕಾಯಿಲೆಗಳಲ್ಲ, ಫೋಟೋ ನೋಡಿ ಹೇಳುವಂಥವೂ ಅಲ್ಲ.

ಆದರೂ ಮೊದಲು ನೀರು. ಏನನ್ನೂ ಬದಲಾಯಿಸುವ ಮುನ್ನ ಒಂದು ಸ್ವಚ್ಛ ಬಾಟಲಿಯಲ್ಲಿ ಕಂಠದವರೆಗೂ ತೊಟ್ಟಿಯ ನೀರು ತುಂಬಿ ಮುಚ್ಚಳ ಹಾಕಿ, ನೀವು ಬೆರೆಸುವ ಹೊಸ ನೀರನ್ನು ಇನ್ನೊಂದರಲ್ಲಿ ತನ್ನಿ. ಔಷಧಿ ಹಾಕಿದ್ದರೆ ಆ ಬಾಟಲಿಯನ್ನೂ ತನ್ನಿ, ಬೈಯುತ್ತೇನೆಂದು ಮುಚ್ಚಿಡಬೇಡಿ. ಬೈಯುವುದು ನಿಜ, ಆದರೆ ತಿಳಿಯದೆ ಇನ್ನೊಂದು ಔಷಧಿ ಕೊಡುವುದಕ್ಕಿಂತ ಅದು ವಾಸಿ.

ಅಜ್ಜಿಗೆ ಅಮೋನಿಯಾವನ್ನು ಕಟ್ಟಿಹಾಕುವ ಕಂಡಿಷನರ್ ಕೊಟ್ಟು, ದಿನಕ್ಕೆ ಐದನೇ ಒಂದು ಪಾಲು ಮಾತ್ರ ನೀರು ಬದಲಾಯಿಸಲು ಹೇಳಿ, ಮೀನಿಗೆ ಎರಡು ದಿನ ಉಪವಾಸವೆಂದೆ. ‘ಪಾಪ, ಉಪವಾಸವೇ?’ ಎಂದು ಮುಖ ಸಣ್ಣ ಮಾಡಿಕೊಂಡರು. ಮುಂದಿನ ವಾರ ತಂದ ಕ್ಯಾಲೆಂಡರ್ ಹಾಳೆಯಲ್ಲಿ ಎರಡು ಚೌಕಗಳಲ್ಲಿ ‘ಉಪವಾಸ’ ಎಂದಿತ್ತು. ಎರಡನೆಯದರ ಕೆಳಗೆ, ನಾನು ನೋಡಲಾರೆನೆಂದುಕೊಂಡು ಬರೆದಂತೆ ಸಣ್ಣ ಅಕ್ಷರಗಳಲ್ಲಿ, ‘ಸಂಜೆ ಒಂದು ಕಾಳು’ ಎಂದೂ ಇತ್ತು.